ಈಕ್ವಲೈಜರಿಗೆ ವಿಭೂತಿ

ಆ ಸೋಮವಾರ ಬೆಳಿಗ್ಗೆ ಸಿಂಧನೂರಿನ ನನ್ನ ರೆಕಾರ್ಡಿಂಗ್ ಕೋಣೆಯಲ್ಲಿ ಇದ್ದವರು ಐದು ಮಂದಿ. ಮಸ್ಕಿ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದ ತತ್ವಪದದ ಸಿದ್ರಾಮಪ್ಪ ತಾತ. ಅವರ ಶಿಷ್ಯ, ತಾಳದ ದುರ್ಗಪ್ಪ. ಡಗ್ಗಾ ಬಾರಿಸುವ, ಬಾಯಲ್ಲಿ ಅಡಿಕೆ ಇಟ್ಟುಕೊಂಡು ಮಾತೇ ಆಡದ ಇನ್ನೊಬ್ಬ ಶಿಷ್ಯ. ಯಾರೂ ಕರೆಯದಿದ್ದರೂ ಬಂದು ಜಮಖಾನೆಯ ನಟ್ಟನಡುವೆ ಪಟ್ಟಾಗಿ ಕೂತ ನಮ್ಮ ಅತ್ತಿ. ಮತ್ತು ಸಿಟ್ಟಿನಿಂದ ಕುದಿಯುತ್ತಿದ್ದ ನಾನು. ಸಿಟ್ಟು ಬಂದಾಗ ಒಂದು ತಂಬಿಗೆ ನೀರು ಕುಡಿ ಎಂದು ನಮ್ಮಜ್ಜ ಹೇಳುತ್ತಿದ್ದ. ಆವತ್ತು ಮೂರು ತಂಬಿಗೆ ಕುಡಿದಿದ್ದೆ. ಸಿಟ್ಟು ಇಳಿಯಲಿಲ್ಲ, ಹಿತ್ತಲಿಗೆ ಮೂರು ಸಲ ಹೋಗಿಬರುವಂತಾಯಿತು, ಅಷ್ಟೆ. ನನ್ನ ಅನುಭವದಲ್ಲಿ ಹೊರಗಿನವರ ಮೇಲೆ ಬರುವ ಸಿಟ್ಟು ಸಸಾರದ್ದು. ಕಂಡಕ್ಟರನ ಮೇಲೆ ಬಂದರೆ ಬಸ್ಸಿನಲ್ಲೇ ತೀರಿಸಿ, ಇಳಿದು, ಮರೆತು, ಚಹಾ ಕುಡಿಯಬಹುದು. ಮನೆಯ ಹಿರಿಯರ ಮೇಲೆ ಬರುವ ಸಿಟ್ಟು ಹಾಗಲ್ಲ. ಅದು ಹಂಚಿನಿಂದ ಆಗತಾನೆ ತೆಗೆದ ರೊಟ್ಟಿ. ಹಿಡಿಯಲೂ ಆಗದು, ಅವರ ಮುಂದೆ ಎಸೆಯಲೂ ಆಗದು; ಈ ಕೈಯಿಂದ ಆ ಕೈಗೆ ಹಾರಿಸುತ್ತ ಮನೆ ತುಂಬ ಕುಣಿಯಬೇಕು. ಇಷ್ಟು ವರ್ಷವಾದ ಮೇಲೂ ಆ ದಿನವನ್ನು ನೆನೆದರೆ ನನ್ನ ಅಂಗೈ ಬಿಸಿಯಾಗುತ್ತದೆ.

ಯಾಕೆ ಸಿಟ್ಟು ಎಂದು ಹೇಳುವ ಮುಂಚೆ ನನ್ನ ಎರಡು ಯಂತ್ರಗಳ ಪರಿಚಯ ಮಾಡಿಕೊಡಬೇಕು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆ ಟೇಪ್ ರೆಕಾರ್ಡರ್ ಇಲ್ಲದ ಚಹಾದಂಗಡಿ ಇರಲಿಲ್ಲ, ಟ್ರ್ಯಾಕ್ಟರೂ ಇರಲಿಲ್ಲ. ಜವಳಗೇರಾದಿಂದ ಭತ್ತದ ಚೀಲ ಹೇರಿಕೊಂಡು ಬರುವ ಟ್ರ್ಯಾಕ್ಟರು ಕಣ್ಣಿಗೆ ಕಾಣುವ ಮೊದಲೇ ಅದರ ಹಾಡು ಕಿವಿಗೆ ಬೀಳುತ್ತಿತ್ತು. ಆ ಗಾಳಿ ನನಗೂ ಬಡಿಯಿತು. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಅಕ್ಕಿ ಗಿರಣಿಯ ಗೋಣಿಚೀಲ ಬಡಿದೆ. ನಡುವೆ ಗಾಜಿನ ಕಿಂಡಿಯುಳ್ಳ ಹಲಗೆಯ ಗೋಡೆ ಎಬ್ಬಿಸಿದೆ. ಆಚೆ ಹಾಡುವವರು, ಈಚೆ ನಾನು. ಹೊರಗೆ ಸ್ಟುಡಿಯೋ ಎಂದು ಬೋರ್ಡು. ಸಿಕಂದರಾಬಾದಿನಲ್ಲಿ ಯಾರೋ ಸ್ಟುಡಿಯೋ ಮುಚ್ಚುತ್ತಾರೆಂದು ಗೊತ್ತಾಗಿ, ಹೋಗಿ, ಅವರ ಈಕ್ವಲೈಜರನ್ನೂ ಕಂಪ್ರೆಸರನ್ನೂ ರೈಲಿನಲ್ಲಿ ತೊಡೆಯ ಮೇಲೆ ಬಾಣಂತಿ ಕೂಸು ಇಟ್ಟುಕೊಂಡಂತೆ ಇಟ್ಟುಕೊಂಡು ತಂದೆ. ನನ್ನ ಸ್ವಂತ ಮಕ್ಕಳನ್ನು ಅಷ್ಟು ಜೋಪಾನವಾಗಿ ಎತ್ತಿಕೊಂಡದ್ದು ನೋಡಿಲ್ಲವೆಂದು ನನ್ನ ಹೆಂಡತಿ ಈಗಲೂ ಅನ್ನುತ್ತಾಳೆ.

ಈಕ್ವಲೈಜರ್ ಎಂದರೆ ದನಿಯನ್ನು ಜರಡಿ ಹಿಡಿಯುವ ಯಂತ್ರ. ಅದರ ಮುಖದ ಮೇಲೆ ಉದ್ದುದ್ದ ಸೀಳುಗಳಲ್ಲಿ ಹತ್ತು ಕಡ್ಡಿ. ಎಡದ ತುದಿಯವು ಡಗ್ಗಾದ ಗುಮ್ಮೆನ್ನುವ ದನಿಗೆ, ಬಲದ ತುದಿಯವು ತಾಳದ ಕಿಣಿಕಿಣಿಗೆ, ನಡುವಿನವು ಮನುಷ್ಯರ ಮಾತಿಗೆ. ಕಡ್ಡಿ ಮೇಲೆ ಸರಿಸಿದರೆ ಆ ಪಾಲು ಹೆಚ್ಚು, ಕೆಳಗೆ ಸರಿಸಿದರೆ ಕಡಿಮೆ. ಎಲ್ಲವನ್ನೂ ನಡುಗೆರೆಯ ಮೇಲೆ ಇಟ್ಟರೆ ಯಂತ್ರ ಕೈಕಟ್ಟಿ ಕೂತು ದನಿಯನ್ನು ಬಂದ ಹಾಗೆ ಬಿಡುತ್ತದೆ. ಕಂಪ್ರೆಸರ್ ಏನೆಂದು ಕಾಲುವೆ ಕಂಡವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಮೇಲ್ಭಾಗದವರು ತೂಬು ಪೂರಾ ತೆಗೆದುಕೊಂಡರೆ ಕೊನೆಯ ಹೊಲಕ್ಕೆ ಕೆಸರೂ ಮುಟ್ಟುವುದಿಲ್ಲ. ಕಂಪ್ರೆಸರ್ ಗೇಟಿನ ಬಳಿ ನಿಂತ ಕಟ್ಟುನಿಟ್ಟಿನ ಮನುಷ್ಯ. ಜೋರು ದನಿ ನುಗ್ಗಿದರೆ ಗೇಟು ಇಳಿಸುತ್ತಾನೆ, ಮೆಲುದನಿ ಬಂದರೆ ಎತ್ತುತ್ತಾನೆ. ಅವನು ಎಷ್ಟು ಇಳಿಸಿದನೆಂದು ತೋರಿಸಲು ಒಂದು ಮುಳ್ಳು ಕುಣಿಯುತ್ತಿರುತ್ತದೆ. ಆ ಮುಳ್ಳು ಕುಣಿಯುವುದನ್ನು ನೋಡುತ್ತಾ ಕೂತರೆ ನನಗೆ ಊಟ ಬೇಡವಾಗುತ್ತಿತ್ತು.

ಹೊಸ ಹುರುಪು. ಈಕ್ವಲೈಜರಿನ ಕಡ್ಡಿಗಳನ್ನು ಎರಡೂ ತುದಿಗೆ ಎತ್ತಿ, ನಡುವೆ ಇಳಿಸಿ, ತೊಟ್ಟಿಲಿನ ಆಕಾರಕ್ಕೆ ತಂದಿದ್ದೆ. ಗುಮ್ಮೆನ್ನುವುದೂ ಕಿಣಿಕಿಣಿಯೂ ಎದ್ದು ಕೇಳಿಸಿದರೆ ಚಹಾದಂಗಡಿಯವರು ಭಲೇ ಅನ್ನುತ್ತಿದ್ದರು. ಕಂಪ್ರೆಸರಿನ ಗುಬ್ಬಿಯನ್ನು ಇನ್ನು ತಿರುಗದಷ್ಟು ತಿರುಗಿಸಿದ್ದೆ. ಯಂತ್ರ ಇರುವುದು ಕೆಲಸ ಮಾಡಲಿಕ್ಕೆ, ಮಾಡಲಿ ಎಂದು. ಸಿದ್ರಾಮಪ್ಪ ತಾತ ಮೊದಲ ಸಲ ಬಂದು ಹಾಡಿಹೋದದ್ದು ಈ ಹುರುಪಿನ ಕಾಲದಲ್ಲಿ.

ತಾತನ ಸಂಗತಿ ಬೇರೆಯವರಂತಲ್ಲ. ಅವರ ಹತ್ತಿರ ಇದ್ದ ಪದಗಳು ಅವರ ಗುರುವಿನಿಂದ ಬಂದವು. ಬಾಯಿಂದ ಕಿವಿಗೆ ಬಂದದ್ದು ಬಾಯಿಂದ ಕಿವಿಗೇ ಹೋಗಬೇಕು, ಕಾಗದಕ್ಕೆ ಇಳಿಸಬಾರದು ಎಂದು ಗುರುವಿನ ಅಪ್ಪಣೆ. ತಾತನಿಗೆ ಈಗ ಉಸಿರು ಸಾಲದು. ದಿನಕ್ಕೆ ಎರಡು ಪದ ಹಾಡಿದರೆ ಮೂರನೆಯದಕ್ಕೆ ಎದೆ ಹಿಡಿಯುತ್ತದೆ. ಶಿಷ್ಯರೋ ಹೊಲ ಮನೆ ಇರುವವರು, ತುರ್ವಿಹಾಳದಲ್ಲೊಬ್ಬ, ಮಸ್ಕಿಯಲ್ಲಿಬ್ಬರು, ನಾಟಿ ಹಚ್ಚುವ ದಿನಗಳಲ್ಲಿ ಗುರುವಿನ ಮುಂದೆ ಕೂರಲು ಯಾರಿಗೂ ಬಿಡುವಿಲ್ಲ. ತಾನು ಹೋದರೆ ಪದಗಳೂ ತನ್ನ ಸಂಗಡವೇ ಗದ್ದಿಗೆ ಸೇರುತ್ತವೆ ಎಂಬುದೊಂದೇ ತಾತನ ಚಿಂತೆ. ಕ್ಯಾಸೆಟ್ಟು ಕಾಗದವಲ್ಲ, ಅದೂ ಬಾಯಿಂದ ಕಿವಿಗೇ ಹೋಗುತ್ತದೆ ಎಂದು ಬಹಳ ದಿನ ವಿಚಾರ ಮಾಡಿ ನಿಶ್ಚಯಿಸಿ ನನ್ನಲ್ಲಿಗೆ ಬಂದಿದ್ದರು. ಹಾಡಿದರು. ನಾನು ಮುಳ್ಳು ನೋಡುತ್ತಾ ತಲೆದೂಗಿದೆ. ಕ್ಯಾಸೆಟ್ಟು ಶಿಷ್ಯರ ಕೈಗೆ ಹೋಯಿತು.

ಮೂರು ತಿಂಗಳಿಗೆ ತಾತ ದುರ್ಗಪ್ಪನ ಸಂಗಡ ವಾಪಸು ಬಂದರು. ಜಗಲಿಯ ಮೇಲೆ ಕೂತು ನೀರು ಕುಡಿದು, ನನ್ನ ಮಕ್ಕಳ ಓದು, ಬೆಳೆ, ಕಾಲುವೆಯ ನೀರು, ಎಲ್ಲ ವಿಚಾರಿಸಿದ ಮೇಲೆ ಮೆಲ್ಲಗೆ ಹೇಳಿದರು: "ಅಮರೇಶಪ್ಪ, ನಾ ಹಾಡಿದ್ದು ನನ್ನ ಶಿಷ್ಯರು ಕಲೀಲಿಲ್ಲಪ. ನಿನ್ನ ಮಶಿನ್ ಹಾಡಿದ್ದು ಕಲ್ತಾರ."

ನನಗೆ ಅರ್ಥವಾಗಲಿಲ್ಲ. ತಾತ ದುರ್ಗಪ್ಪನಿಗೆ ಹಾಡಿ ತೋರಿಸಲು ಹೇಳಿದರು. ದುರ್ಗಪ್ಪ ನಿಂತಲ್ಲೇ ತಾಳ ತೆಗೆದು ಹಾಡಿದ. ತಾಳ ಬಿದ್ದಾಗಲೆಲ್ಲ ಅವನ ದನಿ ಬಾವಿಗೆ ಬಿದ್ದಂತೆ ಒಳಕ್ಕೆ ಹೋಗುತ್ತಿತ್ತು. ತಾಳ ನಿಂತ ಮೇಲೆ ಯಾರೋ ಹಗ್ಗ ಹಾಕಿ ಎಳೆದಂತೆ ಮೇಲೆ ಬರುತ್ತಿತ್ತು. ಬಾವಿಯಲ್ಲಿದ್ದಾಗಿನ ಮಾತುಗಳಿಗೆ ಬದಲು ಬರೀ ಹೂಂಕಾರ. ಸಾಲಿಗೆ ನಾಲ್ಕು ಸಲ ಮುಳುಗಿ ನಾಲ್ಕು ಸಲ ತೇಲಿದ. ನನ್ನ ಕಂಪ್ರೆಸರ್ ಮಾಡಿದ್ದೇ ಅದು. ಗೇಟಿನ ಮನುಷ್ಯನಿಗೆ ಇದು ತಾಳ, ಇದು ತಾತ ಎಂಬ ಭೇದವಿಲ್ಲ. ತಾಳ ಜೋರಾಗಿ ಬಿದ್ದ ಕೂಡಲೇ ಗೇಟು ಇಳಿಸುತ್ತಿದ್ದ. ತಾಳದ ಸಂಗಡ ತಾತನ ಬಡಪಾಯಿ ದನಿಯೂ ಅದರ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ಮೇಲಿಂದ ಈಕ್ವಲೈಜರಿನಲ್ಲಿ ತಾಳವನ್ನೇ ಎತ್ತಿ, ಮಾತನ್ನೇ ಇಳಿಸಿದ್ದ ಪುಣ್ಯಾತ್ಮ ನಾನು. ಶಿಷ್ಯರು ಮಾತ್ರ ಅದು ಗುರುವಿನ ಶೈಲಿ ಎಂದು ತಿಳಿದು, ಮೂರು ತಿಂಗಳು ಹಟ ಹಿಡಿದು, ಒಂದು ಮುಳುಗೂ ತಪ್ಪದಂತೆ ಕಲಿತಿದ್ದರು. ಬಹಳ ಕಷ್ಟ ಆತ್ರಿ ಕಲಿಯಾಕ, ಎಂದು ದುರ್ಗಪ್ಪ ಹೆಮ್ಮೆಯಿಂದ ಬೇರೆ ಹೇಳಿದ.

ತಾತ ಬೈದಿದ್ದರೆ ನನಗೆ ಸುಖವಾಗುತ್ತಿತ್ತು. ಬೈಯಲಿಲ್ಲ. ಇನ್ನೊಂದು ಸಲ ಹಾಡುತ್ತೇನೆ, ಅದೇ ಕೊನೆ, ಮಾತು ಕೇಳಿಸಿದರೆ ಸಾಕು ಎಂದರು. ದಿನ ಗೊತ್ತಾಯಿತು. ಉಸಿರು ಕೂಡಿಡಲು ಅಂದಿನಿಂದ ಎಂಟು ದಿನ ಮೌನ ಹಿಡಿಯುವುದಾಗಿ ಹೇಳಿ ಎದ್ದರು. ಹಿಡಿದರು ಕೂಡ. ಎಂಟು ದಿನ ಒಂದು ಮಾತಿಲ್ಲ.

ಆ ಎಂಟು ದಿನದಲ್ಲಿ ನಾನು ಮೌನ ಹಿಡಿಯಲಿಲ್ಲ, ಆದರೆ ನಿದ್ದೆ ಬಿಟ್ಟೆ. ಹಳೆಯ ತೊಟ್ಟಿಲನ್ನು ಮಗುಚಿಹಾಕಿದೆ. ಎರಡೂ ತುದಿಯ ಕಡ್ಡಿಗಳು ಕೆಳಕ್ಕೆ, ಮಾತಿನ ಕಡ್ಡಿಗಳು ಪೂರಾ ಮೇಲಕ್ಕೆ. ಈಗ ಒಂಟೆಯ ಬೆನ್ನು. ಕಂಪ್ರೆಸರಿನ ಗುಬ್ಬಿಯನ್ನೂ ಅರ್ಧಕ್ಕೆ ಇಳಿಸಿದೆ, ಪೂರಾ ಬಿಡಲು ಮನಸ್ಸು ಬರಲಿಲ್ಲ. ಕೂದಲೆಳೆಯಷ್ಟು ಸರಿಸುವುದು, ಕೇಳುವುದು, ಮತ್ತೆ ಸರಿಸುವುದು. ಶುಕ್ರವಾರ ಸಂಜೆಗೆ ಮನಸ್ಸಿಗೆ ಒಪ್ಪಿಗೆಯಾಯಿತು. ಯಂತ್ರದ ಮೇಲೆ ಬಿಳಿ ಧೋತರ ಹೊದಿಸಿ, ಮನೆಯವರನ್ನೆಲ್ಲ ಕರೆದು, ಇದರ ಗಾಳಿಗೂ ಯಾರೂ ಹೋಗಕೂಡದು ಎಂದು ಸಾರಿದೆ. ಎಲ್ಲರೂ ತಲೆಯಾಡಿಸಿದರು. ಅತ್ತಿಯೂ ಆಡಿಸಿದಳು. ಅವಳು ತಲೆಯಾಡಿಸಿದ ರೀತಿಯಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಅತ್ತಿ ಎಂದರೆ ನನ್ನ ತಂದೆಯ ಅಕ್ಕ, ನೀಲಮ್ಮ. ಗಂಡ ತೀರಿದ ಮೇಲೆ ತಮ್ಮನ ಮನೆಗೆ ಬಂದವಳು ಮನೆಯನ್ನು ಕೈಗೆ ತೆಗೆದುಕೊಂಡಳು, ಮರಳಿ ಕೊಡಲಿಲ್ಲ. ನನಗೆ ಮಾತು ಕಲಿಸಿದವಳು ಅವಳೇ. ಬೀಸುವ ಕಲ್ಲಿನ ಮುಂದೆ ಕೂರಿಸಿಕೊಂಡು, ತಪ್ಪು ಮಾತಿಗೆ ತಲೆಯ ಮೇಲೊಂದು ಮೊಟಕಿ. ಈಗ ಬರೆಯುವಾಗಲೂ ಕೆಟ್ಟ ಸಾಲು ಬಂದರೆ ನನ್ನ ನೆತ್ತಿ ತಾನಾಗಿ ಬಗ್ಗುತ್ತದೆ. ಆದರೆ ಅವಳಿಗೆ ಒಂದು ರೋಗ: ಸಾಲು. ಮನೆಯಲ್ಲಿ ಯಾವುದೂ ಸಾಲು ತಪ್ಪಿರಬಾರದು. ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಮಾಡದಲ್ಲಿಟ್ಟ ಲೋಟ, ಬುಟ್ಟಿಯ ರೊಟ್ಟಿ, ಅಂಗಳದ ಹಪ್ಪಳ, ಎಲ್ಲ ಪರೇಡಿಗೆ ನಿಲ್ಲಬೇಕು. ಒಮ್ಮೆ ನಮ್ಮ ಮನೆಗೆ ಬಂದ ಬೀಗರು ಊಟಕ್ಕೆ ವಾರೆಯಾಗಿ ಕೂತರೆಂದು ಅವರ ಮಣೆಯನ್ನು ಅವರ ಸಮೇತ ಎಳೆದು ಸಾಲಿಗೆ ತಂದವಳು ಅವಳು. ಎರಡನೆಯದು ವಿಭೂತಿ. ಪ್ರತಿ ಸೋಮವಾರ ಸ್ನಾನ ಮಾಡಿ ಮಡಿಯಲ್ಲಿ ಬಂದು ಮನೆಗೆ ಅನ್ನ ಕೊಡುವ ವಸ್ತುಗಳಿಗೆಲ್ಲ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಒಕ್ಕಲುತನ ಇದ್ದಾಗ ಕೂರಿಗೆಗೆ, ಬಾರುಕೋಲಿಗೆ. ಈಗ ನನ್ನ ಈಕ್ವಲೈಜರಿಗೆ. ಯಂತ್ರಕ್ಕೆ ಹಣೆ ಎಲ್ಲಿ ಎಂದು ಅವಳು ಯಾರನ್ನೂ ಕೇಳಲಿಲ್ಲ. ಅಗಲವಾಗಿ, ಕಪ್ಪಗೆ, ಎದುರಿಗೇ ಇದ್ದ ಜಾಗವೇ ಹಣೆ. ಅಲ್ಲಿಯೇ ಇದ್ದವು ಆ ಹತ್ತು ಕಡ್ಡಿ. ಎಡದಿಂದ ಬಲಕ್ಕೆ ಮೂರು ಬೆರಳು ಎಳೆದರೆ ಕಡ್ಡಿಗಳೆಲ್ಲ ಉತ್ತ ಹೊಲಕ್ಕೆ ಹಲಗೆ ಹೊಡೆದಂತೆ ಸಪಾಟು. ಸೀಳಿನೊಳಗೆ ಚಿಟಿಕೆ ಚಿಟಿಕೆ ಬೂದಿ. ಎಷ್ಟು ಸೋಮವಾರ ನಾನು ಹಲ್ಲು ಕಚ್ಚಿ ಕಡ್ಡಿಗಳನ್ನು ಮತ್ತೆ ಸರಿಸಿದ್ದೇನೋ ಶಿವನಿಗೇ ಗೊತ್ತು.

ಭಾನುವಾರ ನಾನು ಒಳ್ಳೆಯ ಟೇಪು ತರಲು ಲಿಂಗಸುಗೂರಿಗೆ ಹೋಗಿದ್ದೆ. ಬಂದಾಗ ಕತ್ತಲಾಗಿತ್ತು, ಧೋತರ ಹೊದಿಸಿದ್ದು ಹೊದಿಸಿದಂತೆಯೇ ಇತ್ತು. ಸೋಮವಾರ ತಾತ ಬಂದು ಕೂತು, ಏಕತಾರಿ ಶ್ರುತಿಯಾಗಿ, ಕರೆಂಟೂ ನಮ್ಮ ಪುಣ್ಯಕ್ಕೆ ಇದ್ದು, ನಾನು ಹೋಗಿ ಧೋತರ ತೆಗೆದೆ. ನನ್ನ ಒಂಟೆ ಇರಲಿಲ್ಲ. ಹತ್ತೂ ಕಡ್ಡಿಗಳು ನಡುಗೆರೆಯ ಮೇಲೆ ದಾರ ಹಿಡಿದು ನೆಟ್ಟ ಸಸಿಯಂತೆ ನಿಂತಿದ್ದವು. ಅವುಗಳ ಮೇಲೆ ಅವತ್ತಿನ ತಾಜಾ ವಿಭೂತಿ. ಮೇಲೆ ನೂಕಿದೆ, ಬರಲಿಲ್ಲ. ಕೆಳಗೆ ನೂಕಿದೆ, ಹೋಗಲಿಲ್ಲ. ಬೆರಳಿಗೆ ಅಂಟಂಟು. ಮೂಸಿದರೆ ಔಡಲೆಣ್ಣೆ.

ಅತ್ತಿಯನ್ನು ಕೇಳಿದೆ. ಆಗ ನನ್ನ ದನಿ ಹೇಗಿತ್ತು ಎಂದು ನನಗೆ ನೆನಪಿಲ್ಲ. ಡಗ್ಗಾದವನು ಅಡಿಕೆ ನುಂಗಿದ್ದು ನೆನಪಿದೆ.

ಅವಳು ಕೂತಲ್ಲಿಂದ ಏಳಲಿಲ್ಲ. "ಹೌದಪ, ಎಣ್ಣಿ ಬಿಟ್ಟೀನಿ. ಬೆರಳ ಎಳದ್ರ ಕರ್ ಕರ್ ಅಂತಿತ್ತು. ಗಾಡಿ ಅಚ್ಚು ಒಣಗಿದ್ರ ಎಣ್ಣಿ ಹಾಕಂಗಿಲ್ಲೇನು? ಶನಿವಾರನ ಒಂದೊಂದು ಹನಿ ಬಿಟ್ಟು, ಹಲ್ಲು ಬಿದ್ದ ಬಾಯಿ ಹಂಗ ಒಂದು ಮ್ಯಾಲ ಒಂದು ಕೆಳಗ ಇದ್ವು, ಸಾಲಿಗೆ ಹಚ್ಚೀನಿ. ಮನಿಗೆ ದೊಡ್ಡವ್ರು ಬರತಾರಂತಿ, ನೋಡಿದವ್ರು ಏನಂದಾರು?"

ತಿಂಗಳುಗಟ್ಟಲೆ ಸೀಳಿನಲ್ಲಿ ಕೂತ ಬೂದಿಗೆ ಔಡಲೆಣ್ಣೆ ಬಿದ್ದು, ಎರಡು ದಿನ ನೆನೆದು, ಗಾರೆಯಾಗಿತ್ತು. ಆಮೇಲೆ ಅದನ್ನು ರಿಪೇರಿ ಮಾಡಿದ ಲಿಂಗಸುಗೂರಿನ ಮೆಕ್ಯಾನಿಕ್ ಖಾಜಾಸಾಬ ಮುಚ್ಚಳ ತೆಗೆದವನೇ ಬಹಳ ಹೊತ್ತು ನೋಡಿ, ಇದರಾಗ ಮಶಿನ್ ಎಲ್ಲೈತ್ರಿ, ಪೂರಾ ಹಲ್ವಾ ಆಗೇತಿ ಎಂದ. ಆದರೆ ಆ ಸೋಮವಾರ ಖಾಜಾಸಾಬ ಇದ್ದದ್ದು ಲಿಂಗಸುಗೂರಿನಲ್ಲಿ, ತಾತ ಇದ್ದದ್ದು ನನ್ನ ಜಮಖಾನೆಯ ಮೇಲೆ. ಎಂಟು ದಿನ ಬಾಯಿ ಕಟ್ಟಿ ಕೂಡಿಸಿಟ್ಟ ಉಸಿರು. ಮಶಿನ್ ಕೆಟ್ಟಿದೆ, ಇನ್ನೊಂದು ಸೋಮವಾರ ಬನ್ನಿ ಎಂದು ಯಾವ ಬಾಯಿಂದ ಹೇಳಲಿ? ಇನ್ನೊಂದು ಸೋಮವಾರಕ್ಕೆ ಆ ಉಸಿರು ಇರುತ್ತದೆಂದು ಬರೆದುಕೊಡುವವರು ಯಾರು? ನನಗೆ ಅತ್ತಿಯನ್ನು ಕೊಂದುಬಿಡುವಷ್ಟು ಸಿಟ್ಟು ಬಂತು. ಸಿಕಂದರಾಬಾದಿನಿಂದ ತೊಡೆಯ ಮೇಲೆ ತಂದದ್ದು ಅವಳ ಮೂರು ಬೆರಳಿಗೆ ಬಲಿಯಾಯಿತು, ಅವಳಿಗೆ ಮಾತ್ರ ಸಾಲು ನೆಟ್ಟಗಿದೆಯೆಂದು ಸಮಾಧಾನ. ಒಳಗೆ ಹೋಗಿ ಮೂರನೇ ತಂಬಿಗೆ ಕುಡಿದೆ. ಹೆಂಡತಿ ಎದುರಿಗೆ ಬಂದಳು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಅವಳ ಮೇಲೆ ಹಾರಾಡಿದೆ. ಸಾರಿನ್ನೂ ಒಲೆಗೇ ಏರಿಲ್ಲವೆಂದು ಅವಳು ಹೇಳಿದಳು.

ವಾಪಸು ಬಂದೆ. ತಾತ ಕಣ್ಣಿನಲ್ಲೇ ಶುರು ಮಾಡಲೇ ಎಂದು ಕೇಳಿದರು. ಅತ್ತಿಗೆ, ನೀನಾದರೂ ಹೊರಗೆ ನಡೆ ಎಂದು ಸನ್ನೆ ಮಾಡಿದೆ. ತಾತ ಹಾಡುವಾಗ ತಾನು ಅಡಿಗೆಮನೆಯಲ್ಲಿ ಕೂರುವುದಿಲ್ಲವೆಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಹಾಳಾಗಿ ಹೋಗಲಿ ಎಂದು ಗಾಜಿನ ಈಚೆ ಬಂದು ಟೇಪು ಓಡಿಸಿದೆ.

"ಮುರುಕು ಮನಿಗೆ ಬಾಗಿಲ ಯಾಕೊ, ಒಳಗಿನಾವ ಹೊರಗ ನಿಂತಾನ" ಎಂದು ತಾತ ಎತ್ತಿಕೊಂಡರು. ಎಂಟು ದಿನದ ಮೌನದಿಂದ ಹೊರಬಂದ ದನಿ ತೆಳ್ಳಗಿತ್ತು, ಆದರೆ ನೆಟ್ಟಗಿತ್ತು. ಎರಡನೇ ಸಾಲಿಗೆ ದುರ್ಗಪ್ಪನಿಗೆ ಆವೇಶ ಬಂತು. ಅವನ ತಾಳ ಎಂದರೆ ಅಂಗೈಯಗಲದ ಕಂಚು. ಹೊಲದಲ್ಲಿ ಬಡಿದರೆ ಗುಬ್ಬಿ ಏಳುತ್ತವೆ. ಕಂಪ್ರೆಸರಿನ ಮುಳ್ಳು ಬಿದ್ದೇಬಿಟ್ಟಿತು. ಮತ್ತೆ ಅದೇ ಬಾವಿ ಎಂದು ನಾನು ತಲೆ ಮೇಲೆ ಕೈ ಹೊತ್ತುಕೊಳ್ಳುವಷ್ಟರಲ್ಲಿ ಆಚೆಯಿಂದ ಅತ್ತಿಯ ಗದರಿಕೆ ಕೇಳಿಸಿತು:

"ಲೇ ದುರ್ಗ್ಯಾ, ಮೆಲ್ಲಕ ಬಾರ್ಸೋ. ತಾತನ ಮಾತು ಕೇಳಬೇಕು."

ಟೇಪು ಓಡುತ್ತಿದೆ. ನಾನು ತಡೆಯಲಾರದೆ ಹಲಗೆಯ ಬಾಗಿಲು ತೆಗೆದು, ಇಷ್ಟು ದಿನ ಈ ಕೈಯಿಂದ ಆ ಕೈಗೆ ಹಾರಿಸಿದ ರೊಟ್ಟಿಯನ್ನೆಲ್ಲ ಒಂದೇ ಸಲಕ್ಕೆ ಒಗೆದೆ:

"ಅತ್ತಿ, ಸುಮ್ಮಕ ಕುಂದರಬೇ. ಟೇಪು ಓಡಾಕತ್ತೈತಿ."

ಅವಳಿಗೆ ನಾನು ಸುಮ್ಮನಿರು ಎಂದದ್ದು ಅದೇ ಮೊದಲು, ಅದೇ ಕೊನೆ. ತಾತ ನಿಲ್ಲಿಸಲಿಲ್ಲ, ಏಕತಾರಿಯನ್ನು ಒಂದೆರಡು ಸುತ್ತು ಹಾಗೇ ನುಡಿಸಿ ಮುಂದಿನ ಸಾಲು ಹಿಡಿದರು. ಆಮೇಲೆ ಅತ್ತಿ ಬಾಯಿ ತೆಗೆಯಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ. ತಾಳ ಜೋರಾದಾಗ ಅಂಗೈ ಕೆಳಗೆ ಮಾಡುತ್ತಿದ್ದಳು; ದುರ್ಗಪ್ಪ ಇಳಿಸುತ್ತಿದ್ದ. ತಾತನ ದನಿ ಸೋಲುವ ಸಾಲು ಬರುತ್ತಿದ್ದಂತೆ, ಪದ ಅವಳಿಗೆ ಗೊತ್ತಿದ್ದುದರಿಂದ, ಮೊದಲೇ ಬೆರಳೆತ್ತುತ್ತಿದ್ದಳು. ತಾಳವೂ ಡಗ್ಗಾವೂ ಉಸಿರು ಹಿಡಿದು ನಿಲ್ಲುತ್ತಿದ್ದವು. ಗಾಜಿನ ಈಚೆ ನನ್ನ ಕಂಪ್ರೆಸರಿನ ಮುಳ್ಳು ಸತ್ತ ಹಾವಿನ ಹಾಗೆ ಬಿದ್ದುಕೊಂಡಿತ್ತು. ಅದಕ್ಕೆ ಮಾಡಲು ಕೆಲಸವೇ ಉಳಿದಿರಲಿಲ್ಲ. ಎಷ್ಟು ಹೊತ್ತಾದರೂ ಅದು ಕುಣಿಯದ್ದು ನೋಡಿ ನನಗೆ ಇನ್ನಷ್ಟು ಸಿಟ್ಟು.

ಪದಗಳೆಲ್ಲ ಮುಗಿದ ಮೇಲೆ ಮೊದಲ ಪದವನ್ನು ಮಾತ್ರ ಇನ್ನೊಮ್ಮೆ ಹಾಡಿಬಿಡಿ, ನಡುವೆ ಬೈಗುಳ ಸೇರಿದೆ ಎಂದು ಬೇಡಿಕೊಂಡೆ. ತಾತ ಎದೆಯ ಮೇಲೆ ಕೈಯಿಟ್ಟು ತಲೆಯಲ್ಲಾಡಿಸಿದರು. ಇದ್ದದ್ದೆಲ್ಲ ಹಾಡೀನಿ, ಇನ್ನ ಉಳಿದಿಲ್ಲ ಎಂದರು. ಎಲ್ಲರೂ ಕೂತು ಕೇಳಿದೆವು. ನಾನು ಮುಖ ಗೋಡೆಯ ಕಡೆ ಮಾಡಿಕೊಂಡು ಕೇಳಿದೆ. ಅಕ್ಷರ ಅಕ್ಷರವೂ ಬಿಡಿಸಿಟ್ಟ ಹಾಗೆ ಇತ್ತು. ತಾತನ ಹಲ್ಲಿಲ್ಲದ ಬಾಯಿಯ ಗಾಳಿಯ ಸದ್ದು, ಏಕತಾರಿಯ ಗುಂಯ್, ಸಾಲು ಮುಗಿದಾಗಿನ ಉಸಿರು, ಎಲ್ಲವೂ ಇದ್ದಲ್ಲಿ ಇದ್ದವು. ತಾತ ಕಣ್ಣೊರೆಸಿಕೊಂಡು, ಅಮರೇಶಪ್ಪ, ಎಂಥಾ ಮಶಿನಪ ನಿಂದು ಎಂದರು. ನಾನು ಹೌದೆಂದೆ. ಖಾಜಾಸಾಬ ಹಲ್ವಾ ತೆಗೆದುಕೊಟ್ಟ ಮೇಲೆ ನನ್ನ ಒಂಟೆಯ ಲೆಕ್ಕಕ್ಕೆ ಕಡ್ಡಿ ಇಟ್ಟು ಅದೇ ಟೇಪನ್ನು ಹಾಯಿಸಿ ಕೇಳಿದೆ. ತಾತ ಹಿಟ್ಟಿನ ಡಬ್ಬಿಯೊಳಗೆ ಕೂತು ಹಾಡಿದ ಹಾಗೆ ಕೇಳಿಸಿತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅತ್ತಿಗಂತೂ ಹೇಳುವ ಮಾತೇ ಇಲ್ಲ. ಅವಳು ತಿಂಗಳ ತನಕ ನನ್ನ ಸಂಗಡ ಮಾತು ಬಿಟ್ಟಿದ್ದಳು, ರೊಟ್ಟಿ ಮಾತ್ರ ಸಾಲಾಗಿ ಬಡಿಸುತ್ತಿದ್ದಳು.

ಎರಡು ವರ್ಷದ ಮೇಲೆ ತಾತನ ಊರಿಗೆ ಹೋಗುವುದಾಯಿತು. ಅತ್ತಿಯೂ ಬಂದಿದ್ದಳು. ತಾತ ಹಾಡುವುದು ಬಿಟ್ಟಿದ್ದರು. ಗೋಡೆಗೆ ಒರಗಿ ಶಾಲು ಹೊದ್ದು ಕೂತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಶಿಷ್ಯರು ಎರಡು ಸಾಲಾಗಿ ಕೂತು ಎತ್ತಿಕೊಂಡರು. ಮುರುಕು ಮನೆಯ ಪದ. ನಾನು ಎದೆ ಹಿಡಿದುಕೊಂಡು ಕೇಳಿದೆ. ಯಾರೂ ಬಾವಿಗೆ ಬೀಳಲಿಲ್ಲ. ಒಂದು ಮಾತೂ ತಪ್ಪಲಿಲ್ಲ. ಎರಡನೇ ಸಾಲು ಮುಗಿಯುತ್ತಿದ್ದಂತೆ ದುರ್ಗಪ್ಪ ಏಕಾಏಕಿ ತಾಳ ನಿಲ್ಲಿಸಿದ. ಬಲಗಡೆಯ ಸಾಲಿನವರೆಲ್ಲ ಒಂದೇ ರಾಗದಲ್ಲಿ, "ಲೇ ದುರ್ಗ್ಯಾ, ಮೆಲ್ಲಕ ಬಾರ್ಸೋ, ತಾತನ ಮಾತು ಕೇಳಬೇಕು" ಎಂದರು. ಎಡಗಡೆಯವರು ತಲೆದೂಗಿ, "ಅತ್ತಿ, ಸುಮ್ಮಕ ಕುಂದರಬೇ, ಟೇಪು ಓಡಾಕತ್ತೈತಿ" ಎಂದು ಉತ್ತರ ಕೊಟ್ಟರು. ಏಕತಾರಿ ಎರಡು ಸುತ್ತು ಬರಿದೇ ನುಡಿಯಿತು. ಆಮೇಲೆ ಪದ ಮುಂದೆ ಸಾಗಿತು.

ನಾನು ತಾತನ ಕಡೆ ನೋಡಿದೆ. ಅವರು ಶಾಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು, ಹೆಗಲು ಅಲುಗುತ್ತಿತ್ತು. ಅತ್ತಿ ಕಣ್ಣುಮುಚ್ಚಿ ಕೈಮುಗಿದಿದ್ದಳು. ನನ್ನ ಮಗ್ಗುಲಲ್ಲಿ ಕೂತಿದ್ದ ತುರ್ವಿಹಾಳದ ಹೊಸ ಶಿಷ್ಯ ನನ್ನ ಮುಖ ನೋಡಿ ಹೊಸಬನೆಂದು ತಿಳಿದು, ಕಿವಿಯ ಹತ್ತಿರ ಬಂದು ಅರ್ಥ ಬಿಡಿಸಿ ಹೇಳಿದ. ದುರ್ಗ್ಯಾ ಎಂದರೆ ಮನಸ್ಸು, ಬಡಿದುಕೊಳ್ಳುವುದೇ ಅದರ ಗುಣ. ಅತ್ತಿ ಎಂದರೆ ಮಾಯೆ, ಎಲ್ಲದರಲ್ಲೂ ಕೈ ಹಾಕುತ್ತಾಳೆ. ಟೇಪು ಎಂದರೆ ಆಯುಷ್ಯ, ಅದು ಯಾರಿಗೂ ನಿಲ್ಲುವುದಿಲ್ಲ. ಬಹಳ ಗೂಢ ಐತ್ರಿ, ಎಂದ. ನಾನು ಹೌದ್ರಿ ಎಂದೆ.

ಪಲ್ಲವಿ ತಿರುಗಿ ಬಂದು ಆ ಸಾಲು ಮತ್ತೆ ಬಂತು. ಈ ಸಲ ಎಡಗಡೆಯವರ ಸಂಗಡ ನಾನೂ ಮೆಲ್ಲಗೆ ದನಿ ಕೂಡಿಸಿದೆ. ಶಿಷ್ಯ ನನ್ನ ತೊಡೆ ತಟ್ಟಿ ನಿಲ್ಲಿಸಿದ.

"ಹಂಗಲ್ರಿ," ಎಂದ. "ಅದನ್ನ ಸಿಟ್ಟಿಲೆ ಅನ್ನಬೇಕು. ಕ್ಯಾಸೆಟ್‌ನ್ಯಾಗ ಹಂಗ ಐತಿ."